ಸಂಗೀತದ ಕೆಳಗಿನ ಹೆಸರು

ಆದವಾನಿಯಲ್ಲಿ ಕೃಷ್ಣಕಾಂತಾಚಾರ್ಯರಿಗೆ ಎದುರಾದವರು ಕೈಯನ್ನೇನೋ ಮುಗಿಯುತ್ತಾರೆ, ಆದರೆ ಬೆಳಗಾಗೆದ್ದು ಅವರ ಮುಖ ನೋಡುವುದು ಯಾರಿಗೂ ಬೇಡ. ಅವರದು ಅಪರಕರ್ಮದ ಪೌರೋಹಿತ್ಯ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ದಹನದಿಂದ ಹಿಡಿದು ವೈಕುಂಠ ಸಮಾರಾಧನೆಯವರೆಗೆ ಎಲ್ಲವನ್ನೂ ಮಾಡಿಸುವವರು ಅವರೇ. ಮದುವೆ ಮುಂಜಿಗೆ ಅವರನ್ನು ಕರೆಯುವುದಿಲ್ಲ. ಅಪ್ಪಿತಪ್ಪಿ ಕರೆದರೂ, ಊಟದ ಹೊತ್ತಿಗೆ ಬಂದರೆ ಸಾಕು ಎನ್ನುತ್ತಾರೆ. ಇಷ್ಟೆಲ್ಲ ಮೂಗು ಮುರಿಯುವ ಜನವೇ ಮನೆಯಲ್ಲಿ ಒಂದು ಜೀವ ಹೋದ ಕೂಡಲೇ, ಆಚಾರ್ರ ಎಲ್ಲಿದ್ದೀರಿ, ಎಷ್ಟೊತ್ತಿಗೆ ಬರ್ತೀರಿ ಎಂದು ಫೋನಿನ ಮೇಲೆ ಫೋನು ಮಾಡಿ ಪ್ರಾಣ ಹಿಂಡುತ್ತಾರೆ. ಜನ ಇರುವುದೇ ಹಾಗೆ, ಬಿಡಿ. ಆಚಾರ್ಯರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಎಂದೋ ಬಿಟ್ಟಿದ್ದರು. ಅವರ ಹೊಟ್ಟೆಯೊಳಗಿನ ಸಂಕಟ ಬೇರೆಯೇ ಇತ್ತು.

ಅವರಿಗೊಬ್ಬ ತಮ್ಮನಿದ್ದ, ಬದರೀನಾಥ. ಎಲ್ಲರ ಬಾಯಲ್ಲಿ ಬದರಿ. ಹತ್ತಿ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಗುಮಾಸ್ತನಾಗಿದ್ದ. ಒಂದು ಸಂಜೆ, ಪ್ಯಾಟಿಗೆ ಹೋಗಿ ಬರ್ತೀನಿ ಎಂದು ಚಪ್ಪಲಿ ಮೆಟ್ಟಿ ಹೊರಟವನು ತಿರುಗಿ ಬರಲಿಲ್ಲ. ಮಗಳು ಯಾಮಿನಿ ಆಗಿನ್ನೂ ಅಕ್ಷರ ತಿದ್ದುತ್ತಿದ್ದಳು. ಹೆಂಡತಿ ವಿಷ್ಣುಪ್ರಿಯಾ ಬಸ್‌ಸ್ಟ್ಯಾಂಡು, ರೈಲು ನಿಲ್ದಾಣ, ಮಠಗಳ ಅನ್ನಛತ್ರ ಯಾವುದನ್ನೂ ಬಿಡದೆ ಹುಡುಕಿದಳು. ಕೆಲವು ತಿಂಗಳಾದ ಮೇಲೆ ಪೊಲೀಸ್ ಠಾಣೆಯೊಂದರಿಂದ ಕರೆ ಬಂತು. ಆಚಾರ್ಯರು ಯಾರಿಗೂ ಹೇಳದೆ ಒಬ್ಬರೇ ಹೋದರು. ಕಾಲುವೆಯ ತೂಬಿನಲ್ಲಿ ಸಿಕ್ಕ ಹೆಣವಂತೆ, ವಾರಸುದಾರರಿಲ್ಲವೆಂದು ಆಗಲೇ ಹೂಳಿಬಿಟ್ಟಿದ್ದರಂತೆ. ಉಳಿದದ್ದು ಫೋಟೋ ಮಾತ್ರ. ನೀರಿನಲ್ಲಿ ನೆನೆದ ಮುಖ ಯಾರದೆಂದು ಹೇಳುವಂತಿರಲಿಲ್ಲ. ಆದರೆ ಎಡಗಾಲಿನ ಎರಡನೆಯ ಬೆರಳು ಹೆಬ್ಬೆರಳ ಮೇಲೆ ಏರಿ ಕುಳಿತಿತ್ತು. ಅವರ ತಂದೆಯ ಕಾಲೂ ಹಾಗೆಯೇ ಇತ್ತು, ಬದರಿಯ ಕಾಲೂ ಹಾಗೆಯೇ. ಆಚಾರ್ಯರು ಫೋಟೋವನ್ನು ಬೋರಲು ಹಾಕಿ, ನಮ್ಮವನಲ್ಲ ಎಂದುಬಿಟ್ಟರು.

ಹಾಗೆಂದದ್ದು ಯಾಕೆ? ಮನೆಯಲ್ಲಿ ತಾಯಿ ಅಂಬೂಬಾಯಿ ಹಾಸಿಗೆ ಹಿಡಿದಿದ್ದಳು. ಮಗ ಇವತ್ತು ಬಂದಾನು, ನಾಳೆ ಬಂದಾನು ಎಂಬ ಆಸೆಯೊಂದೇ ಆಕೆಯ ಉಸಿರು. ಇನ್ನು ವಿಷ್ಣುಪ್ರಿಯಾ. ಹತ್ತನೆಯ ದಿನ ಗಂಡ ಸತ್ತ ಹೆಣ್ಣುಮಕ್ಕಳಿಗೆ ಏನೇನು ಮಾಡುತ್ತಾರೆ, ಅವರು ಹೇಗೆ ಕೂಗಿಕೊಳ್ಳುತ್ತಾರೆ ಎಂಬುದನ್ನು ಆ ಊರಿನಲ್ಲಿ ಆಚಾರ್ಯರಷ್ಟು ಹತ್ತಿರದಿಂದ ಕಂಡವರಿಲ್ಲ. ಆ ಮಾತು ತಮ್ಮ ಬಾಯಿಂದಲೇ ಬರಬೇಕೇ ಎಂದು ಹೆದರಿದರು. ತಾಯಿ ಕಣ್ಣು ಮುಚ್ಚಿದ ಮೇಲೆ ಹೇಳೋಣವೆಂದುಕೊಂಡರು. ತಾಯಿ ಕಣ್ಣು ಮುಚ್ಚಿದಳು. ಹುಡುಗಿಯ ಶಾಲೆ ಮುಗಿಯಲಿ ಎಂದುಕೊಂಡರು. ಅದೂ ಮುಗಿಯಿತು. ಹೇಳಬೇಕಾದ ದಿನ ದಾಟಿದ ಮೇಲೆ ಹೇಳುವುದಾದರೂ ಹೇಗೆ? ಮಧ್ಯಾಹ್ನದ ಊಟಕ್ಕೆ ದಿನವೂ ವಿಷ್ಣುಪ್ರಿಯಾಳ ಮನೆಗೇ ಹೋಗುತ್ತಿದ್ದರು, ಅವಳ ಹಣೆಯ ಕುಂಕುಮ ಕಂಡು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಆದರೆ ಬದರಿಯ ಗತಿ? ಕಂಡವರ ಮನೆಯ ಸತ್ತವರಿಗೆಲ್ಲ ಎಳ್ಳುನೀರು ಬಿಡಿಸಿದ ಕೈ, ಒಡಹುಟ್ಟಿದವನಿಗೆ ಒಂದು ಹನಿ ಬಿಟ್ಟಿರಲಿಲ್ಲ. ತಮ್ಮ ಪ್ರೇತವಾಗಿ ಅಲೆಯುತ್ತಿದ್ದಾನೆ, ಅವನಿಗೆ ಹಸಿವಿದೆ, ನೀರಡಿಕೆಯಿದೆ. ನೀವು ನಾನು ನಂಬುತ್ತೇವೋ ಬಿಡುತ್ತೇವೋ, ಆಚಾರ್ಯರಿಗೆ ಅದು ಎದುರಿನ ಗೋಡೆಯಷ್ಟೇ ನಿಜ. ಕದ್ದು ಮಾಡೋಣವೆಂದರೆ, ಅವರನ್ನು ಅರಿಯದ ಹೊಳೆಯ ದಂಡೆ ಈ ಸೀಮೆಯಲ್ಲಿ ಯಾವುದಿದೆ? ಮಾಡಿಸುವವರೇ ಜನಿವಾರವನ್ನು ಬಲಹೆಗಲಿಗೆ ಹಾಕಿಕೊಂಡು ಕುಳಿತರೆ, ನಿಮ್ಮ ಮನ್ಯಾಗ ಯಾರು ಹೋದ್ರು ಎಂದು ದಾರಿಹೋಕರೂ ಕೇಳಿಯಾರು.

ಹೀಗಿರುವಾಗ ಹೋದ ವರ್ಷ ಒಂದು ತೆಲುಗು ಸಿನಿಮಾದವರು ಬಂದರು. ಕೊಲೆಯ ಕಥೆಯಂತೆ. ಮೊದಲ ದೃಶ್ಯವೇ ಕೌತಾಳಂ ಕಡೆಯ ಹೊಳೆಯ ದಂಡೆಯಲ್ಲಿ ಸತ್ತವನಿಗೆ ಪಿಂಡ ಇಡುವುದು. ಮಂತ್ರ ಹೇಳಿಕೊಡಲು ಆಚಾರ್ಯರು ಬೇಕಾಗಿತ್ತು. ಪಿಂಡ ಇಡುವ ಪಾತ್ರದ ನಟನಿಗೋ ದರ್ಭೆ ಹಿಡಿಯಲೂ ಬಾರದು. ಎಷ್ಟು ತಿದ್ದಿದರೂ ಅವನ ಬೆರಳು ಎತ್ತಲೋ ನೀರು ಎತ್ತಲೋ. ನಿರ್ದೇಶಕ ತಲೆ ಚಚ್ಚಿಕೊಂಡು ಕೊನೆಗೆ, ಆಚಾರ್ಯರೇ, ನೀವೇ ಕೂತುಬಿಡಿ, ಬರೀ ಕೈ ತೋರಿಸುತ್ತೇನೆ, ಮುಖ ಬರುವುದಿಲ್ಲ ಎಂದ.

ಸೌಂಡಿನ ಸೂರಿ ಎಂಬವನು ಅವರ ಉತ್ತರೀಯದೊಳಗೆ ಪುಟ್ಟ ಮೈಕು ಸಿಕ್ಕಿಸಿದ. ಸತ್ತವನ ಹೆಸರು, ಗೋತ್ರ ಬರುವ ಕಡೆ ಏನು ಹೇಳಲಿ ಎಂದು ಆಚಾರ್ಯರು ಕೇಳಿದರು.

“ಏನಾರ ಹೇಳ್ರಿ ಸ್ವಾಮೀ. ಅಲ್ಲಿ ಮ್ಯೂಸಿಕ್ ಏರತೈತಿ, ನಿಮ್ಮ ಮಾತು ಯಾರಿಗೂ ಕೇಳಂಗಿಲ್ಲ” ಎಂದ ಅವನು.

ಆ ಮಾತು ಕೇಳಿ ಆಚಾರ್ಯರು ಹೊಳೆಯ ಕಡೆ ತಿರುಗಿದರು. ಎದ್ದು ಹೋಗಿ ಹೊಳೆಯಲ್ಲಿ ಉಟ್ಟಬಟ್ಟೆಯಲ್ಲೇ ಇನ್ನೊಮ್ಮೆ ಮುಳುಗಿ ಬಂದರು. ಒದ್ದೆ ಪಂಚೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನಿರ್ದೇಶಕ ಹಿಗ್ಗಿದ. ಪಾಪ, ಅವನಿಗೇನು ಗೊತ್ತು. ಆಚಾರ್ಯರು ಜನಿವಾರ ಬಲಕ್ಕೆ ಹಾಕಿ, ಪವಿತ್ರದ ಉಂಗುರ ತೊಟ್ಟು, ಕಾಶ್ಯಪ ಗೋತ್ರದ ಬದರೀನಾಥ ಶರ್ಮ ಎಂದು ತಮ್ಮನ ಹೆಸರು ಹಿಡಿದು ಎಳ್ಳುನೀರು ಬಿಟ್ಟರು. ಅತ್ತರು ಕೂಡ. ಕಣ್ಣೀರು ಚಿತ್ರದಲ್ಲಿ ಬರಲಿಲ್ಲ. ಮನೆಗೆ ಬಂದವರು ಎಷ್ಟೋ ವರ್ಷದ ಮೇಲೆ ಕಣ್ತುಂಬ ನಿದ್ದೆ ಮಾಡಿದರು.

ಸಿನಿಮಾ ಬಂತು, ಹೋಯಿತು. ಊರಿನವರೂ ನೋಡಿದರು. ಆಚಾರ್ರ ಕೈ ಭಾರಿ ಫೇಮಸ್ ಆತು ಎಂದು ಚಾಷ್ಟಿ ಮಾಡಿದರೇ ಹೊರತು ಹೆಸರು ಯಾರ ಕಿವಿಗೂ ಬಿದ್ದಿರಲಿಲ್ಲ.

ಯಾಮಿನಿ ಈಗ ಕರ್ನೂಲಿನಲ್ಲಿ ಪತ್ರಿಕೋದ್ಯಮ, ಸಿನಿಮಾ ಅಂತ ಏನೋ ಓದುತ್ತಾಳೆ. ಒಂದು ಕ್ರೈಂ ಚಿತ್ರದ ಮೊದಲ ದೃಶ್ಯ ತೆಗೆದುಕೊಂಡು, ಅದರ ಶಾಟು, ಶಬ್ದ ಎರಡನ್ನೂ ಬಿಡಿಸಿ ವಿವರಿಸಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ಅವಳಾದರೂ ದೊಡ್ಡಪ್ಪನ ಕೈ ಇರುವ ದೃಶ್ಯ ಬಿಟ್ಟು ಬೇರೆಯದನ್ನು ಯಾಕೆ ಆರಿಸಿಯಾಳು? ರಜೆಗೆ ಬಂದವಳು, ಆಚಾರ್ಯರು ಊಟ ಮುಗಿಸಿ ಗೋಡೆಗೊರಗಿದ್ದಾಗ ಲ್ಯಾಪ್‌ಟಾಪು ತಂದು ಎದುರಿಗಿಟ್ಟಳು. ಅಮ್ಮನನ್ನೂ ಕೂಗಿದಳು. ವಿಷ್ಣುಪ್ರಿಯಾ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಹುಡುಗಿ ಉತ್ಸಾಹದಿಂದ ಒಂದೊಂದನ್ನೇ ನಿಲ್ಲಿಸಿ ವಿವರಿಸಿದಳು. ಮೊದಲಿಗೆ ತೆರೆಯೆಲ್ಲ ಕಪ್ಪು, ಬರೀ ಹೊಳೆಯ ಸದ್ದು. ನೋಡುವವರ ಕಣ್ಣು ಕಟ್ಟಿ ಕಿವಿ ತೆರೆಸುವುದು ಅಂದರೆ ಇದೇ ಎಂದಳು. ಆಮೇಲೆ ತಾಮ್ರದ ತಂಬಿಗೆ ಕಲ್ಲಿಗೆ ತಗಲುವ ಸದ್ದು, ಅದರ ಹಿಂದೆಯೇ ಎರಡು ಕೈ. ಕ್ಯಾಮೆರಾ ಮಣಿಕಟ್ಟಿಗಿಂತ ಮೇಲೆ ಏರುವುದೇ ಇಲ್ಲ. ಮರಳು, ನೀರು, ಪಂಚೆ ಎಲ್ಲಕ್ಕೂ ಬೂದಿಯ ಬಣ್ಣ, ಎಳ್ಳೊಂದೇ ಕಡುಕಪ್ಪು. ಮುಖ ಕಾಣದೆ ಇರುವುದರಿಂದ ಪಿಂಡ ಇಡುವವನೇ ಕೊಂದವನೂ ಆಗಿರಬಹುದು ಎಂಬ ಅನುಮಾನ ಹುಟ್ಟುತ್ತದೆ ಎಂದಳು. ಆಚಾರ್ಯರ ಬೆನ್ನು ಗೋಡೆ ಬಿಟ್ಟು ಮುಂದಕ್ಕೆ ಬಂತು.

ಈಗ ಶಬ್ದ ಕೇಳ್ರಿ ಎಂದಳು. ಹೊಳೆಯ ಸದ್ದು ಒಮ್ಮೆಲೇ ನಿಲ್ಲುತ್ತದೆ, ಮಂತ್ರವೊಂದೇ ಉಳಿಯುತ್ತದೆ. ಹೆಸರು ಬರುವ ಜಾಗಕ್ಕೆ ಸರಿಯಾಗಿ ತಂತಿಯ ನಾದ ಮೇಲೆದ್ದು ಮಾತನ್ನು ನುಂಗುತ್ತದೆ. ಸತ್ತವನು ಯಾರೆಂಬುದೇ ಈ ಸಿನಿಮಾದ ಗುಟ್ಟು, ಅದಕ್ಕೇ ನಿರ್ದೇಶಕ ಹೆಸರನ್ನು ಸಂಗೀತದ ಕೆಳಗೆ ಬಚ್ಚಿಟ್ಟಿದ್ದಾನೆ ಎಂದು ಅವಳ ಲೆಕ್ಕ. ಅದು ಸರಿಯೋ ತಪ್ಪೋ ನೋಡಬೇಕಂತೆ. ಸಂಗೀತ ಬೇರೆ, ಮಾತು ಬೇರೆ ಮಾಡುವ ಆ್ಯಪ್ ಬಂದಿದೆಯಂತೆ. ಮಾಡಿಟ್ಟುಕೊಂಡಿದ್ದಳು, ಆದರೆ ಇನ್ನೂ ಕೇಳಿರಲಿಲ್ಲ. ಎಲ್ಲರೂ ಒಟ್ಟಿಗೆ ಕೇಳೋಣವೆಂದು ಕಾದಿದ್ದಳು.

ಸಾಕು ಬಿಡು ಯಾಮಿ, ಬಿಸಿಲಿಗೆ ಕಣ್ಣು ಎಳೀಲಿಕ್ಕತ್ತ್ಯಾವ ಎಂದರು ಆಚಾರ್ಯರು. ಒಂದೇ ನಿಮಿಷ ದೊಡ್ಡಪ್ಪ ಎಂದು ಅವಳು ಗುಂಡಿ ಒತ್ತಿಯೇಬಿಟ್ಟಳು. ತಂತಿಯ ನಾದವಿಲ್ಲ, ಹೊಳೆಯಿಲ್ಲ. ಆ ಕೋಣೆಯೊಳಗೆ ಆಚಾರ್ಯರ ದನಿಯೊಂದೇ ಬದರೀನಾಥ ಶರ್ಮ ಎಂದಿತು, ಪ್ರೇತ ಎಂದಿತು.

ಯಾಮಿನಿ ತಟ್ಟನೆ ಅದನ್ನು ನಿಲ್ಲಿಸಿದಳು. ಅಪ್ಪನ ಹೆಸರು ಯಾಕೆ ಎಂದು ಕೇಳುವಷ್ಟರಲ್ಲಿ ವಿಷ್ಣುಪ್ರಿಯಾ ಎರಡು ಹೆಜ್ಜೆ ಒಳಗೆ ಬಂದಳು.

“ಬಾಯಿ ತಪ್ಪಿ ಬಂದದ, ಅಲ್ರಿ ಭಾವನೋರ?” ಎಂದಳು. ಕೇಳಿದಂತಿರಲಿಲ್ಲ, ಬೇಡಿದಂತಿತ್ತು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಎನ್ನುವುದು ಅವರಿಗೆ ಹೊಸದೂ ಅಲ್ಲ. ಆದರೆ ಅಪರಕರ್ಮದವರ ಬಾಯಿ ಹೆಸರಿನ ಕಡೆ ತಪ್ಪುವುದಿಲ್ಲ, ತಪ್ಪಿದರೆ ಬದುಕಿದವನಿಗೆ ಪಿಂಡ ಇಟ್ಟಂತೆ. ಅದು ಆ ಮನೆಯ ಮೂವರಿಗೂ ಗೊತ್ತಿತ್ತು. ಆಚಾರ್ಯರಿಗೆ ಇನ್ನೊಂದು ಸುಳ್ಳು ಹೊರುವ ಶಕ್ತಿ ಉಳಿದಿರಲಿಲ್ಲ.

“ಇಲ್ಲಮ್ಮ. ಗೊತ್ತಿದ್ದೇ ಹೇಳೀನಿ” ಎಂದರು.

ಆಮೇಲೆ ಠಾಣೆಯ ಫೋಟೋ, ಕಾಲಿನ ಬೆರಳು, ತಾಯಿಯ ಹಾಸಿಗೆ ಎಲ್ಲವನ್ನೂ ನೆಲ ನೋಡುತ್ತಲೇ ಒಪ್ಪಿಸಿದರು. ನಿನ್ನ ಸಲುವಾಗಿಯೇ ಮುಚ್ಚಿಟ್ಟೆ ಎಂದರು. ಅಷ್ಟು ಹೇಳಿದ ಮೇಲೆ ಅದೂ ಪೂರ್ತಿ ನಿಜವಲ್ಲವೆಂದು ಅವರಿಗೇ ತಿಳಿಯಿತು. ತಮ್ಮ ಹೆದರಿಕೆಗೂ ಮುಚ್ಚಿಟ್ಟಿದ್ದರು. ವಿಷ್ಣುಪ್ರಿಯಾ ಅಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ನಿಂತುಹೋಗಿದ್ದ ಆ ಎರಡು ಕೈಗಳ ಕಡೆ ಬೆರಳು ಮಾಡಿದಳು.

“ಗಂಡು ಮಗ ಇಲ್ಲದ ಮ್ಯಾಲೆ ಎಳ್ಳುನೀರು ಬಿಡೋ ಹಕ್ಕು ಹೆಂಡತಿಗಲ್ಲೇನ್ರಿ? ಅದನ್ನೂ ನೀವೇ ತಗೊಂಡ್ರಿ. ಅವರಿಗೆ ಅಂತ ನಾ ಮಾಡೋದು ಅದೊಂದೇ ಉಳಿದಿತ್ತು” ಎಂದಳು.

ಊರಿಗೆಲ್ಲ ಶಾಸ್ತ್ರ ಹೇಳುವ ಆಚಾರ್ಯರು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಗಂಡ ಹೋದ ಸುದ್ದಿ ಎಷ್ಟು ವರ್ಷದ ಮೇಲೆ ಬಂದರೂ ಹೆಂಡತಿಗೆ ಕೇಳಿದ ದಿನದಿಂದಲೇ ಸೂತಕ ಅಲ್ಲವೇ ಎಂದು ಅವಳು ಕೇಳಿದಳು. ಹೌದೆಂದು ತಲೆಯಾಡಿಸಿದರು. ಹಾಗಾದರೆ ಇನ್ನು ಎಲ್ಲವೂ ಮೊದಲಿನಿಂದ ಆಗಬೇಕು, ತಾನೂ ಯಾಮಿನಿಯೂ ಕೂತು ಮಾಡುತ್ತೇವೆ, ಬೇರೆ ಆಚಾರ್ಯರನ್ನು ಕರೆಸುತ್ತೇವೆ, ನೀವು ಮಾತ್ರ ಆ ದಂಡೆಗೆ ಬರಕೂಡದು ಎಂದಳು.

ಗೋನೆಗಂಡ್ಲದಲ್ಲಿ ಇನ್ನೊಬ್ಬ ಅಪರಕರ್ಮದ ಆಚಾರ್ಯರಿದ್ದರು. ಅವರ ನಂಬರು ಆ ಮನೆಯಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಕೃಷ್ಣಕಾಂತಾಚಾರ್ಯರೇ ತಮ್ಮ ಫೋನಿನಿಂದ ಓದಿ ಹೇಳಿದರು, ಯಾಮಿನಿ ಒತ್ತಿ ಅಪ್ಪನ ವಿಷಯ ಹೇಳಿದಳು. ಆ ಕಡೆಯವರು ಅಯ್ಯೋ ಎಂದರು, ಯಾವಾಗ ಹೋದ್ರಮ್ಮ ಎಂದು ಕೇಳಿದರು. ಹುಡುಗಿ ಫೋನನ್ನು ಕೈಯಿಂದ ಮುಚ್ಚಿ ದೊಡ್ಡಪ್ಪನ ಮುಖ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು.

“ಇವತ್ತು ಅಂತ ಹೇಳು” ಎಂದಳು ವಿಷ್ಣುಪ್ರಿಯಾ.