ಟ್ಯಾಬು ಮಾರುವುದಿಲ್ಲ

ಗಿರಾಕಿಗಳು ಕಳಿಸುವ ಅಳತೆಗಳೆಲ್ಲ ಹೊಲಿಗೆಯವಳಿಗೆ ಬರುತ್ತಿದ್ದದ್ದು ಗಂಡನ ಹಳೆಯ ಟ್ಯಾಬಿಗೆ. ಅದರೊಳಗಿನ ವೈಫೈ ಕೆಟ್ಟಾಗ ಅವನು ಹೊರಗಿಂದ ಸಿಕ್ಕಿಸುವ ವೈಫೈ ಅಡಾಪ್ಟರ್ ತಂದಿದ್ದ. ಸಿಕ್ಕಿಸಿ ನೋಡುವ ಮೊದಲೇ ತೀರಿಹೋದ.

ಅವಳು ಸಿಕ್ಕಿಸಿದಾಗ ಅದರ ದೀಪ ಮಿಣುಕಿ ಆರಿಹೋಯಿತು. ಟ್ಯಾಬನ್ನು ಹೊಟ್ಟೆ ತುಂಬ ಚಾರ್ಜ್ ಮಾಡಿ ಮತ್ತೆ ಸಿಕ್ಕಿಸಿದಳು. ಮತ್ತೆ ಆರಿತು.

ಮೈದುನ ಬಂದು, "ಅತ್ತಿಗೆ, ಅಣ್ಣನ ಜೊತೆ ಅದೂ ಹೋಯ್ತು ಅಂದ್ಕೊಳ್ಳಿ. ಟ್ಯಾಬು, ಮಿಷನ್ನು ಎರಡೂ ಮಾರಿ ನಮ್ಮನೇಲಿ ಇದ್ದುಬಿಡಿ" ಎಂದ.

"ಇದ್ದು? ನಿನ್ನ ಹೆಂಡತಿಯ ಪಾತ್ರೆ ತೊಳೀಲಾ?"

ಅವನು ಮುಖ ಊದಿಸಿಕೊಂಡು ಹೋದ. ಅವಳು ಟ್ಯಾಬು, ಅಡಾಪ್ಟರ್ ಎರಡೂ ಹಿಡಿದು ರಿಪೇರಿ ಅಂಗಡಿಗೆ ನಡೆದಳು.

"ಏನೂ ಕೆಟ್ಟಿಲ್ಲ ಅಕ್ಕ," ಎಂದ ರಿಪೇರಿಯವನು. "ಅಡಾಪ್ಟರಿಗೆ ಹಸಿವು ಜಾಸ್ತಿ. ಅಷ್ಟು ಕರೆಂಟು ಕೊಡೋ ತಾಕತ್ತು ಈ ಟ್ಯಾಬಿಗಿಲ್ಲ. ಮಧ್ಯೆ ಹಬ್ ಅಂತ ಈ ಪುಟ್ಟ ಡಬ್ಬಿ ಹಾಕಿ, ಅದಕ್ಕೆ ಗೋಡೆಯಿಂದ ಬೇರೆ ಕರೆಂಟು ಕೊಡಿ."

ಹಬ್ ಕೊಂಡು ಮನೆಗೆ ಬಂದು, ಮಿಷನ್ನಿನ ಪಕ್ಕದ ಪ್ಲಗ್ಗಿಗೆ ಅದರ ವೈರು ಸಿಕ್ಕಿಸಿದಳು. ಅಡಾಪ್ಟರಿನ ದೀಪ ಹತ್ತಿತು, ಆರಲಿಲ್ಲ. ತಿಂಗಳಿಂದ ನಿಂತಿದ್ದ ಅಳತೆಗಳು ಒಂದರ ಹಿಂದೊಂದು ಇಳಿದವು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಟ್ಟೆ ಹಾಸಿದಳು.

ಸಂಜೆ ಮೈದುನ ಕೊಳ್ಳುವವನನ್ನೇ ಕರೆತಂದ. ಅವಳು ಕತ್ತರಿ ಕೆಳಗಿಡಲಿಲ್ಲ.

"ಮಾರೋದಿಲ್ಲ. ನಾನು ಬರೋದೂ ಇಲ್ಲ. ಬೆಳಕಿಗೆ ಅಡ್ಡ ನಿಂತಿದ್ದೀಯ, ಆ ಕಡೆ ಸರಿ."