ಅಡುಗೆಮನೆಗೆ ಹೋದ ಹಾಸಿಗೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗಟ್ಟಿಗಿತ್ತಿ ಎಂದೇ. ಒದ್ದೆ ಬೆಡ್‌ಶೀಟುಗಳ ಗಂಟನ್ನು ಬೇರೆಯವರು ಇಬ್ಬಿಬ್ಬರು ಎಳೆದಾಡಿದರೆ, ಅವಳು ಒಬ್ಬಳೇ ಎತ್ತಿ ಡ್ರೈಯರಿಗೆ ತುರುಕುತ್ತಾಳೆ. ಮದುವೆಗೆ ಮುಂಚೆ ಭಾರ ಎತ್ತುವ ಪಂದ್ಯಗಳಲ್ಲಿ ಹೆಸರು ಮಾಡಿದವಳು. ಮಗಳು ಹುಟ್ಟಿದ ಮೇಲೆ, "ಇನ್ನು ಇವಳ ಕಥೆ ಮುಗೀತು" ಅಂದವರೇ ಎಲ್ಲ. ಈ ಸಲದ ಪಂದ್ಯದಲ್ಲಿ ತನ್ನ ಹಳೆಯ ಭಾರವನ್ನು ಮತ್ತೆ ತಲೆಯ ಮೇಲೆತ್ತಿ ಆ ಬಾಯಿಗಳನ್ನು ಮುಚ್ಚಿಸಬೇಕು, ಅದೊಂದೇ ಹಟ.

ವ್ಯಾಯಾಮಶಾಲೆಯ ಮೇಷ್ಟ್ರು, ಹುಡುಗರಿಗೆ ಹೇಳುವುದನ್ನೇ ಅವಳಿಗೂ ನೆಲ ನೋಡುತ್ತ ಹೇಳಿದರು: "ಪಂದ್ಯ ಮುಗಿಯೋವರೆಗೂ ಗಂಡನ್ನ ದೂರ ಇಡಮ್ಮ. ಶಕ್ತಿ ಸೋರಿಹೋಗುತ್ತೆ."

ಬಸ್ ಓಡಿಸುವ ಗಂಡ ಕೇಳಿ ನಕ್ಕ. "ನಾನೇನು ಬಕೆಟ್ಟಿಗೆ ಬಿದ್ದ ತೂತಾ?" ಎಂದವನು, ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ನಡೆದ.

ಮೊದಮೊದಲು ಹುರುಪೋ ಹುರುಪು. ಆಮೇಲೆ ಶುರುವಾಯಿತು ಪೀಕಲಾಟ. ಅತ್ತ ಫ್ರಿಜ್ಜಿನ ಪಕ್ಕ ಅವನು ಹೊರಳುವುದು ಕೇಳಿಸುತ್ತಿತ್ತು. ಇತ್ತ ಮಗಳು ಅಪ್ಪ ಬೇಕೆಂದು ಕಾಲು ಝಾಡಿಸುತ್ತಿದ್ದಳು. ಅವಳಿಗೆ ಕಣ್ಣೇ ಮುಚ್ಚದು. ಬೆಳಗಾದರೆ ಸಕ್ಕರೆ ಡಬ್ಬಿಯ ಮುಚ್ಚಳಕ್ಕೂ ಜಗಳ. ಹಿಂದೆಲ್ಲ ಸಲೀಸಾಗಿ ಎತ್ತುತ್ತಿದ್ದ ಭಾರ ಎದೆಮಟ್ಟಕ್ಕೆ ಬಂದು ದಬ್ಬನೆ ಬೀಳತೊಡಗಿತು.

"ಕೂಡಿಟ್ಟಿದ್ದು ಇನ್ನೂ ಸಾಲದು," ಎಂದರು ಮೇಷ್ಟ್ರು.

ಒಂದು ಭಾನುವಾರ ಮಧ್ಯಾಹ್ನ ಮಗಳು ಅಜ್ಜಿಯ ಮನೆಯಲ್ಲಿದ್ದಳು. ಅಡುಗೆಮನೆಗೆ ಇಣುಕಿದರೆ, ಮುನಿಸಿಕೊಂಡಿದ್ದ ಗಂಡ ಮುಖ ಊದಿಸಿಕೊಂಡೇ ಭಾರ ಎತ್ತುವಾಗ ಬಿಗಿಯುವ ಅವಳ ಹರಿದ ಸೊಂಟಪಟ್ಟಿಗೆ ಹೊಲಿಗೆ ಹಾಕುತ್ತಿದ್ದ. ಅವಳು ಒಳಗೆ ನಡೆದಳು. ಬಗ್ಗಿ ಅವನ ದಿಂಬು ಎತ್ತಿಕೊಂಡಳು.

"ಮೇಷ್ಟ್ರಿಗೆ ಗೊತ್ತಾದ್ರೆ?" ಎಂದ ಗಂಡ.

"ಮೇಷ್ಟ್ರೇನು ಮಂಚದ ಕೆಳಗೆ ಕೂತಿರ್ತಾರಾ? ಬಾ ಸುಮ್ನೆ."

ಆ ರಾತ್ರಿ ಅವಳು ಗೊರಕೆ ಹೊಡೆದಳು. ಗಂಡನ ಪಕ್ಕ ಮಲಗಿದ್ದಕ್ಕೇ ಬಲ ಬಂತೆಂದು ಅವಳು ಯಾರ ಹತ್ತಿರವೂ ಕೊಚ್ಚಿಕೊಂಡವಳಲ್ಲ. ನಿದ್ದೆ ಬಂತು, ಜಗಳ ಹೋಯಿತು, ತೋಳು ತನ್ನ ಕೆಲಸ ತಾನು ಮಾಡತೊಡಗಿತು, ಅಷ್ಟೆ.

ಕದ್ದುಮುಚ್ಚಿ ಮಾಡಿ ಗೊತ್ತಿಲ್ಲದವಳು; ಮಾರನೆಯ ದಿನವೇ ಮೇಷ್ಟ್ರಿಗೆ ಹೇಳಿಬಿಟ್ಟಳು.

"ಎಲ್ಲ ಹಾಳು ಮಾಡ್ಕೊಂಡ್ಯಲ್ಲಮ್ಮ!"

"ನೀವು ಮದುವೇನೇ ಆಗ್ದೆ ಇಷ್ಟು ವರ್ಷ ಕೂಡಿಟ್ಟಿದ್ದೀರಲ್ಲ ಮೇಷ್ಟ್ರೇ, ಎಲ್ಲಿಟ್ಟಿದ್ದೀರಿ? ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರಿ!"

ಹುಡುಗರೆಲ್ಲ ಕಿಸಕ್ಕೆಂದರು. ಮೇಷ್ಟ್ರು ಕೆಂಪಗಾದರು. "ಪಂದ್ಯದಲ್ಲಿ ಬಿದ್ರೆ ನನ್ನ ಶಿಷ್ಯೆ ಅಂತ ಹೇಳ್ಬೇಡ," ಎಂದು ಮುಖ ತಿರುಗಿಸಿದರು.

ಪಂದ್ಯದ ದಿನ ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು ಅವಳು ಕಂಬಿಗೆ ಕೈ ಹಾಕಿದಳು. ಭಾರ ಎದೆಗೆ ಬಂತು. ಜನ ಉಸಿರು ಬಿಗಿಹಿಡಿದರು. ಹಲ್ಲು ಕಚ್ಚಿ ಒಂದೇ ನೂಕು. ಕಂಬಿ ನೆತ್ತಿಯ ಮೇಲೆ ಹೋಗಿ ನಿಂತಿತು. ಎತ್ತಿದ್ದು ಸರಿಯೆಂದು ಗಂಟೆ ಮೊಳಗಿತು.

"ನನ್ನ ಶಿಷ್ಯೆ! ನನ್ನ ಶಿಷ್ಯೆ!" ಎಲ್ಲರಿಗಿಂತ ಜೋರಾಗಿ ಕೂಗಿದವರು ಮೇಷ್ಟ್ರೇ. ಗಂಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದ.

"ಇಳಿಸಮ್ಮ, ಸಾಕು!" ಎಂದರು ತೀರ್ಪುಗಾರರು.

ಅವಳು ಇಳಿಸಲಿಲ್ಲ. ಕಥೆ ಮುಗೀತು ಅಂದಿದ್ದ ಮುಖಗಳನ್ನೆಲ್ಲ ನಿಧಾನವಾಗಿ, ಒಂದೊಂದಾಗಿ ನೋಡಿ ಮುಗಿಸುವವರೆಗೂ ಹಾಗೇ ನಿಂತಿದ್ದಳು.