ಜೆಖರ್ಯ ಕಲಿಸಿದ ಕೆಸೀಲ್

ಜೆಖರ್ಯನ ಮುತ್ತಾತ ಸುಲೇಮಾನ್ ದಂಗೆಯಲ್ಲಿ ಊರು ಬಿಟ್ಟಾಗ ಹೆಂಡತಿಯ ಬೆಳ್ಳಿಯನ್ನೆಲ್ಲ ಬಿಸಾಕಿ, ಧರ್ಮಗ್ರಂಥದ ಸುರುಳಿಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಬಂದವನು. ತಾತ ಯೂಸುಫ್ ಅದರ ಹರಿದ ಚರ್ಮವನ್ನು ಪ್ರಾಣಿಯ ನರದ ಎಳೆಯಿಂದ ಹೊಲಿದು ಉಳಿಸಿದ. ಅಪ್ಪ ಸಲೀಮ್ ಇದ್ದೊಂದು ಪುಸ್ತಕದ ಸುತ್ತ ಹದಿನೈದು ಮಕ್ಕಳನ್ನು ಕೂರಿಸಿ, ಯೆಮನಿನ ಆ ಯಹೂದಿ ಕೇರಿಗೆಲ್ಲ ಓದು ಹಚ್ಚಿದ. ಪುಸ್ತಕದ ತಲೆಯ ಕಡೆ ಕೂತವರು ಅಕ್ಷರವನ್ನು ತಲೆಕೆಳಗಾಗಿಯೇ ಕಲಿತರು.

ಜೆಖರ್ಯನೂ ಹಾಗೆಯೇ ಕಲಿಸಿದ, ಬೆತ್ತವನ್ನಷ್ಟೇ ಹೆಚ್ಚಿಗೆ ಸೇರಿಸಿ. ಜ್ಞಾನದ ಪುಸ್ತಕದಲ್ಲಿ ‘ಕೆಸೀಲ್’ ಎಂಬ ಹೀಬ್ರೂ ಮಾತು ಬಂದಾಗಲೆಲ್ಲ ಅವದ್ ಎಂಬ ಹುಡುಗನ ಕಿವಿ ಹಿಂಡುತ್ತಿದ್ದ.

"ಕೆಸೀಲ್ ಅಂದ್ರೆ ಪೆದ್ದ ಅಲ್ಲ ಕಣ್ರೋ. ಪೆದ್ದ ಹೇಳಿದ್ರೆ ಕಲೀತಾನೆ. ಇವನು ಕೊಬ್ಬಿದ ಮೂರ್ಖ, ತಪ್ಪು ತೋರಿಸಿದವನ ಮೇಲೇ ಉಗೀತಾನೆ. ನೋಡ್ಕೊಳ್ಳಿ ಈ ಮುಖಾನ!"

ಅವದ್‌ಗೆ ಗಡ್ಡ ಬಂದು ಮಕ್ಕಳಾದರೂ ಕೇರಿ ಅವನನ್ನು ಕೆಸೀಲ್ ಎಂದೇ ಕೂಗಿತು.

ಎಪ್ಪತ್ತಕ್ಕೆ ಜೆಖರ್ಯನ ಕಣ್ಣಿಗೆ ಪೊರೆ ಕವಿಯಿತು. ಯಾರಿಗೂ ಹೇಳಲಿಲ್ಲ. ಸುರುಳಿಯ ಮಾತನ್ನು ಕಣ್ಣಿಂದ ಓದಬೇಕೇ ಹೊರತು ಬಾಯಿಪಾಠ ಒಪ್ಪಿಸುವಂತಿಲ್ಲ. ಕುರುಡನೆಂದು ತಿಳಿದರೆ ಶನಿವಾರದ ಪ್ರಾರ್ಥನೆಯಲ್ಲಿ ಅದರ ಮುಂದೆ ನಿಂತು ಓದುವ ಹಕ್ಕು ಹೋಯಿತು. ಅದು ಹೋದರೆ ಅವನಿಗೆ ಉಳಿಯುವುದು ಜೋಳದ ಅಂಬಲಿ, ಹಾಸಿಗೆ, ಅಷ್ಟೇ.

ಓದುವಾಗ ಎದುರು ನಿಂತು ಸುರುಳಿ ಹಿಡಿಯುತ್ತಿದ್ದವನು ಅವದ್. ತಲೆಕೆಳಗೆ ಓದಬಲ್ಲವನು. ಗುರು ಸಾಲಿನ ಮೇಲೆ ಆಡಿಸುವ ಓದುಗೋಲು ಅಕ್ಷರವಿಲ್ಲದ ಬರೀ ಚರ್ಮದ ಮೇಲೆ ಓಡಾಡುವುದನ್ನು ಕಂಡು, ಮನೆಗೆ ಬಂದು ಮೆಲ್ಲಗೆ ಹೇಳಿದ: "ಗುರುಗಳೇ, ಇನ್ನು ಓದೋದು ಸಾಕು ಮಾಡಿ. ನಾನು ಯಾರಿಗೂ ಹೇಳಲ್ಲ."

"ಥೂ! ನೀನು ನನಗೆ ಬುದ್ಧಿ ಹೇಳೋದಾ, ಕೆಸೀಲ್?"

ಎಂಜಲು ಅವದ್‌ನ ಗಡ್ಡಕ್ಕೇ ಬಿತ್ತು. ಒರೆಸಿಕೊಂಡು ಹೋದ.

ಮುಂದಿನ ಶನಿವಾರ, ಹಿಂದಿನವರು ಸಮುದ್ರ ದಾಟಿ ಪಾರಾದಾಗ ಹಾಡಿದ ಹಾಡನ್ನು ಓದುವ ಸರದಿ. ಅವದ್ ಸುರುಳಿಯನ್ನು ಬೇರೆಡೆಗೆ ಹೊರಳಿಸಿಟ್ಟ. ಜೆಖರ್ಯ ಓದುಗೋಲು ಆಡಿಸುತ್ತ, ಒಂದಕ್ಷರ ಎಡವದೆ ಹಾಡಿದ. ಅವದ್ ಹಿರಿಯರನ್ನು ಹತ್ತಿರ ಕರೆದು ಸುರುಳಿ ತೋರಿಸಿದ. ಯಾರೋ ಕಿಸಕ್ಕೆಂದರು. ಅವದ್ ಗುರುವಿನತ್ತ ತಿರುಗಿದ.

"ಕಂಠ ಚೆನ್ನಾಗಿದೆ ಗುರುಗಳೇ. ಆದ್ರೆ ನಿಮ್ಮ ಮುಂದಿರೋದು ಕುಷ್ಠರೋಗದ ಅಧ್ಯಾಯ. ಆ ಹಾಡನ್ನ ನಡುನಡುವೆ ಜಾಗ ಬಿಟ್ಟು ಇಟ್ಟಿಗೆ ಜೋಡಿಸಿದ ಹಾಗೆ ಬರ್ದಿರ್ತಾರೆ, ಮೂರು ವರ್ಷದ ಕೂಸಿಗೂ ಗುರುತು ಸಿಗುತ್ತೆ. ಈಗ ಹೇಳಿ ಮಕ್ಕಳಿಗೆ, ಕೆಸೀಲ್ ಅಂದ್ರೆ ಯಾರು?"

ಮಕ್ಕಳು ಗುರುವಿನ ಹೆಸರನ್ನೇ ಕೂಗಿದವು. ದೊಡ್ಡವರೂ ಹೊಟ್ಟೆ ಹಿಡಿದು ನಕ್ಕರು. ಗುರುವಿನ ಬೆತ್ತದೇಟು ತಿನ್ನದ ಬೆನ್ನು ಅಲ್ಲಿ ಒಂದೂ ಇರಲಿಲ್ಲ.

ಬಾಗಿಲಲ್ಲಿದ್ದ ಮಗಳು ಬದ್ರಾ ಓಡಿ ಬಂದು ತೋಳು ಹಿಡಿದಳು. "ಮನೆಗೆ ಹೋಗೋಣ ಬಾ ಅಪ್ಪಾ. ಮೆಟ್ಟಿಲಿದೆ, ನನ್ನ ಕೈ ಹಿಡ್ಕೋ."

ಜೆಖರ್ಯ ತೋಳು ಕೊಡವಿದ.

"ಕೈ ತೆಗಿಯೇ! ಯಾರ ಕೈಯೂ ಬೇಡ ನನಗೆ. ಏಯ್, ಸುರುಳಿ ಸರಿಯಾಗಿ ಹೊರಳಿಸ್ರೋ, ನಾನಿನ್ನೂ ಓದಿ ಮುಗಿಸಿಲ್ಲ."